ಗೀರು ಮಾಯವಾಗುವುದು ಹೇಗೆ?

ಮುರುಗಮಲ್ಲದ ದರ್ಗಾಕ್ಕೆ ಬಂದ ಕಾರಿನ ದೂಳನ್ನು ಒಣಬಟ್ಟೆಯಿಂದ ಒರೆಸುವುದನ್ನು ಗಮನಿಸಿದ್ದೀರಾ? ಮರಳಿನ ಕಣಗಳು ಬಣ್ಣವನ್ನು ಗೀರುತ್ತವೆ. ಉಜ್ಜಿದರೆ ಗೀರು ತುಂಬಿಕೊಳ್ಳುವುದೇ?

ಗಾಜನ್ನು ಉಜ್ಜಿದಾಗ ಗೀರುಗಳು ಅಳಿಯುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ ಎಂದು ನ್ಯೂಟನ್ 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ವಿವರಿಸಿದರು. 20ನೇ ಶತಮಾನದ ಆರಂಭದಲ್ಲಿ ಬೀಲ್ಬಿ, ಲೋಹದ ಮೇಲ್ಪದರ ದ್ರವದಂತೆ ಹರಿದು ಗೀರನ್ನು ತುಂಬುತ್ತದೆಂದರು. 1937ರಲ್ಲಿ ಬೌಡನ್ ಮತ್ತು ಹ್ಯೂಸ್ ಘರ್ಷಣೆಯ ಶಾಖದತ್ತ ಗಮನ ಸೆಳೆದರು.

ಕಾರಿನ ಬಣ್ಣದ ಮಟ್ಟಿಗೆ ನ್ಯೂಟನ್‌ರ ಮಾತೇ ಸರಿ. ಪಾಲಿಶ್ ಗೀರಿನ ಸುತ್ತಲಿನ ಪಾರದರ್ಶಕ ಪದರವನ್ನು ಸವೆಸುತ್ತದೆ. ಅದರ ದಪ್ಪ ಸುಮಾರು 50 ಮೈಕ್ರೊಮೀಟರ್ ಮಾತ್ರ. ಶಾಖವೂ ಅದಕ್ಕೆ ಅಪಾಯ. ಆದ್ದರಿಂದ ಒಂದೇ ಕಡೆ ಗಿರಗಿರನೆ ತಿರುಗದೆ, ಓಲಾಡುತ್ತಲೂ ತಿರುಗುವ ಬಫರ್ ಆರಿಸಿ. ಮೃದುವಾದ ಫೋಮ್ ಪ್ಯಾಡಿನಿಂದ ಆರಂಭಿಸಿ. ಸಾಲದಿದ್ದರೆ ಮಾತ್ರ ಗಡುಸಾದದ್ದು. ಉಗುರಿಗೆ ತಾಗುವ ಗೀರನ್ನು ಉಜ್ಜಲು ಹೋಗಬೇಡಿ. ಸವೆದ ಪದರ ಮರಳಿ ಬಾರದು.