ಸಿಟ್ಟಿಗೆ ಕಾರಣವುಂಟು, ಬ್ಯಾಸರಕ್ಕೆ?

ಹುಬ್ಬಳ್ಳಿ ಬಳಿಯ ಗಬ್ಬೂರ ಕಡೆಯವರು ಮಠದ ಅಜ್ಜಾರ ಮುಂದೆ ಕುಳಿತು ತೋಡಿಕೊಳ್ಳುವ ಅಳಲಿನಲ್ಲಿ ಎರಡು ಬಗೆಯಿದೆ. ‘ತಮ್ಮ ಹೊಲದ ಪಾಲು ಕೊಡವಲ್ಲ, ಸಿಟ್ಟು ತಡಿಯಾಕ ಆಗವಲ್ದರಿ’ ಎಂಬುದು ಒಂದು. ‘ಯಾಕೋ ಗೊತ್ತಿಲ್ಲರಿ, ಯಾವುದರಾಗೂ ಮನಸಿಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಭಾವನೆ, ಅದರ ಎದುರಿಗೆ ಒಬ್ಬ ಮನುಷ್ಯನಿದ್ದಾನೆ, ಒಂದು ಜಗಳವಿದೆ. ಎರಡನೆಯದು ಮನಸ್ಥಿತಿ, ಬೊಟ್ಟು ಮಾಡಿ ತೋರಿಸಲು ಏನೂ ಇಲ್ಲ, ಆದರೂ ದಿನಗಟ್ಟಲೆ ಬಿಡುವುದಿಲ್ಲ. ಎರಡಕ್ಕೂ ಒಂದೇ ಉಪದೇಶ ಕೊಟ್ಟರೆ ನಾಟುವುದಿಲ್ಲ.

ಈ ವಿವೇಕ ನಮ್ಮಲ್ಲಿ ಹಳೆಯದು. ಭರತನ ನಾಟ್ಯಶಾಸ್ತ್ರ 8 ಸ್ಥಾಯಿ, 33 ವ್ಯಭಿಚಾರಿ ಭಾವಗಳನ್ನು ಎಣಿಸಿತು, ಆದರೆ ಅದರ ಕಣ್ಣು ರಂಗದ ಮೇಲಿತ್ತು. ಸಾಧಕನಿಗೆ ಹೆಚ್ಚು ಹತ್ತಿರವಾದದ್ದು ಗೀತೆ. ವಿಷಯದ ಚಿಂತನೆಯಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ ಎಂದು 2ನೇ ಅಧ್ಯಾಯ ಭಾವನೆಯ ಬೇರು ಹಿಡಿಯುತ್ತದೆ. 14ನೇ ಅಧ್ಯಾಯದ ತಮಸ್ಸು ಹಾಗಲ್ಲ, ಆಲಸ್ಯವಾಗಿ ನಿದ್ರೆಯಾಗಿ ಇಡೀ ಮನುಷ್ಯನನ್ನೇ ಕವಿಯುತ್ತದೆ.

ಭಾವನೆಯನ್ನು ಎದುರಿಸುವ ಆಪ್ತಸಂವಾದಕ್ಕೆ 15ನೇ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಗಿಂತ ದೊಡ್ಡ ಮಾದರಿ ನನಗೆ ಕಾಣದು. ಲಕ್ಕುಂಡಿಯ ಅಜಗಣ್ಣ ತೀರಿಕೊಂಡಿದ್ದಾನೆ. ತಂಗಿ ಮುಕ್ತಾಯಕ್ಕ ಶೋಕದಲ್ಲಿದ್ದಾಳೆ. ಅಲ್ಲಮ ಬಂದು ‘ಅಳಬೇಡ’ ಅನ್ನುವುದಿಲ್ಲ. ಯಾರಿಗಾಗಿ ಈ ದುಃಖ ಎಂದು ಕೆದಕುತ್ತಾನೆ. ಅವಳು ಸುಮ್ಮನೆ ತಲೆಬಾಗುವವಳಲ್ಲ. ನುಡಿಯ ಹಂಗು ನಿನಗಿನ್ನೂ ಹೋಗಿಲ್ಲವೆಂದು ಅವನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆ ವಾದದೊಳಗೇ ಶೋಕ ಅರಿವಾಗಿ ತಿರುಗುತ್ತದೆ. ಶೋಕಕ್ಕೆ ಅಜಗಣ್ಣನೆಂಬ ನೆಲೆ ಇದ್ದದ್ದರಿಂದಲೇ ಈ ಪ್ರಶ್ನೋತ್ತರ ಫಲಿಸಿತು.

ನೆಲೆಯೇ ಇಲ್ಲದ ಮಂಕಿಗೆ ಪ್ರಶ್ನೆ ಕೇಳಿದರೆ ಉತ್ತರ ಎಲ್ಲಿಂದ ಬರಬೇಕು? ಅಲ್ಲಿ ಬೇಕಾದದ್ದು ನಿತ್ಯದ ನೇಮ. ಹಳೇಹುಬ್ಬಳ್ಳಿಯಲ್ಲಿ ನೆಲೆನಿಂತ ಸಿದ್ಧಾರೂಢರ (1836–1929) ಮಠದಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಶ್ರವಣ, ಭಜನೆ, ಪಂಚಾಕ್ಷರಿ ಜಪ, ದಾಸೋಹ ಇಂದಿಗೂ ನಡೆದಿವೆ. ಮನಸ್ಸು ಬಂದಾಗ ಮಾಡುವುದಲ್ಲ, ಹೊತ್ತಿಗೆ ಸರಿಯಾಗಿ ಮಾಡುವುದು. ಅದರ ಬಲ ಇರುವುದೇ ಅಲ್ಲಿ. 1548ರಲ್ಲಿ ಅಚ್ಚಾದ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲನ ಸಾಧನಾಗ್ರಂಥವೂ ಇದೇ ಮಾತಿಗೆ ಬರುತ್ತದೆ: ಮನಸ್ಸು ಬರಡಾದ ಕಾಲದಲ್ಲಿ ಹಿಂದಿನ ಸಂಕಲ್ಪ ಬದಲಿಸಕೂಡದು, ಪ್ರಾರ್ಥನೆಯನ್ನು ಇನ್ನಷ್ಟು ಹೆಚ್ಚಿಸಬೇಕು.

ಆಧುನಿಕ ಮನೋವಿಜ್ಞಾನ ಭಾವನೆ, ಮನಸ್ಥಿತಿಗಳ ಈ ವ್ಯತ್ಯಾಸಕ್ಕೆ ತಡವಾಗಿ ಬಂತು. ವಿಲಿಯಂ ಜೇಮ್ಸ್ 1884ರಲ್ಲಿ ಭಾವನೆಯನ್ನು ದೇಹದ ಕಂಪನದಲ್ಲಿ ಹುಡುಕಿದ. ಅಮೆರಿಕದ ಮನೋವೈದ್ಯರ ಕೈಪಿಡಿ ಖಿನ್ನತೆಯನ್ನು ‘ಮನಸ್ಥಿತಿಯ ಕಾಯಿಲೆ’ಗಳ ತಲೆಬರಹದಡಿ ತಂದದ್ದು 1987ರಲ್ಲಿ. ಕನ್ನಡದ ಓದುಗರಿಗೆ ವೈದ್ಯ ಎಂ. ಶಿವರಾಂ ‘ಮನ ಮಂಥನ’ದಲ್ಲಿ ಈ ಲೋಕ ತೆರೆದಿಟ್ಟರು, ಅದಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮಂಕು ಕಾಯಿಲೆಯೂ ಆಗಿರಬಹುದೆಂದು ಗೊತ್ತಾದ ಮೇಲೆ ಮಠದ ಹಿರಿಯರಿಗೂ ಒಂದು ಹೊಣೆ ಬಂದಿದೆ. ಮಂಕು 2 ವಾರ ಬಿಡದೆ ಕಾಡಿ, ನಿದ್ದೆ ಊಟ ಕೆಟ್ಟರೆ ಅದನ್ನು ಭಕ್ತಿಯ ಕೊರತೆ ಅನ್ನುವುದು ಕ್ರೌರ್ಯ. ಜಪ ಬಿಡಿಸಬೇಕಿಲ್ಲ, ಜೊತೆಗೆ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿಸಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಬೇಕು, ಸಾಧ್ಯವಾದರೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗೆನ್ನಬೇಕು. ಅಷ್ಟು ದೂರ ಹೋಗಲಾರದವರಿಗೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡುವವರಿದ್ದಾರೆ.