ಅರ್ಹತೆಯ ಅಳತೆಗೋಲು

ಜನಾಂಗ ಮತಗಳ ಭೇದವೆಣಿಸದೆ, ಸಾಧ್ಯವಾದಮಟ್ಟಿಗೆ, ಅರ್ಹರಾದ ಪ್ರಜೆಗಳೆಲ್ಲರಿಗೂ ಸರಕಾರದ ಅಧಿಕಾರಸ್ಥಾನಗಳು ದೊರೆಯಬೇಕೆಂದು 1858ರಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆಯು ಸಾರಿತು. ‘ಸಾಧ್ಯವಾದಮಟ್ಟಿಗೆ’ ಎಂಬ ಮಾತಿನ ನಿಜವಾದ ವ್ಯಾಪ್ತಿಯನ್ನು ತಿಳಿಯಬೇಕಾದರೆ ಬಂಗಾಲದ ವಿದ್ಯಾಖಾತೆಯ ಎರಡು ನೇಮಕಗಳನ್ನು ಪರಿಶೀಲಿಸಿದರೆ ಸಾಕು.

ಕೇಂಬ್ರಿಜ್ ಮತ್ತು ಲಂಡನ್ನಿನ ಪದವಿಗಳನ್ನು ಪಡೆದು ಮರಳಿದ ಜಗದೀಶಚಂದ್ರ ಬೋಸರು 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ವಿದ್ಯಾಖಾತೆಯ ಡೈರೆಕ್ಟರರಾದ ಆಲ್‌ಫ್ರೆಡ್ ಕ್ರಾಫ್ಟರಿಗೆ ಈ ನೇಮಕವು ಇಷ್ಟವಿರಲಿಲ್ಲ. ವೈಸರಾಯ್ ರಿಪನ್ನರ ಶಿಫಾರಸಿನ ಬಲದಿಂದ ಅದು ನಡೆಯಿತು. ಭಾರತೀಯ ಪ್ರಾಧ್ಯಾಪಕನಿಗೆ ಯೂರೋಪಿಯನ್ನನ ವೇತನದ ಮೂರರಲ್ಲಿ ಎರಡು ಪಾಲು. ನೇಮಕವು ಹಂಗಾಮಿಯಾದುದರಿಂದ ಅದರಲ್ಲಿಯೂ ಅರ್ಧ. ಹೀಗೆ ಉಳಿದುದು ಮೂರರಲ್ಲಿ ಒಂದೇ ಪಾಲು. ಬೋಸರು ಮೂರು ವರ್ಷಗಳ ಕಾಲ ವೇತನವನ್ನು ಮುಟ್ಟದೆ ಪಾಠ ಹೇಳಿದರು. ಕೊನೆಗೆ ಕ್ರಾಫ್ಟರೇ ಅವರ ಯೋಗ್ಯತೆಯನ್ನು ಮನಗಂಡರು. ಪೂರ್ಣ ವೇತನವು ಹಿಂದಿನ ಬಾಕಿಯೊಡನೆ ಸಂದಿತು.

ಪ್ರಫುಲ್ಲಚಂದ್ರ ರಾಯರು ಎಡಿನ್‌ಬರೋದಲ್ಲಿ ರಸಾಯನಶಾಸ್ತ್ರದ ಡಿ.ಎಸ್‌ಸಿ. ಪದವಿಯನ್ನು ಪಡೆದವರು. ತಾಯ್ನಾಡಿಗೆ ಮರಳಿ ಸುಮಾರು ಒಂದು ವರ್ಷ ಕಾದ ಮೇಲೆ, 1889ರಲ್ಲಿ, ಅದೇ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿಗಳ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕತ್ವವು ದೊರೆಯಿತು. ಪದವಿಯು ಬ್ರಿಟನ್ನಿನದೇ; ಆದರೂ ಬೆಲೆಕಟ್ಟಿದವರು ನೋಡಿದುದು ಪದವಿಯನ್ನಲ್ಲ.

ಬೋಸರ ಜಯವು ವ್ಯಕ್ತಿಯ ಜಯವಾಯಿತೇ ಹೊರತು ನಿಯಮದ ಬದಲಾವಣೆಯಾಗಲಿಲ್ಲ. 1896ರ ಪುನರ್ರಚನೆಯು ಭೇದಕ್ಕೆ ಶಾಶ್ವತರೂಪವನ್ನೇ ಕೊಟ್ಟಿತು. ಇಂಗ್ಲೆಂಡಿನಲ್ಲಿ ಭಾರತಮಂತ್ರಿಯು ಆರಿಸಿದವರು ಇಂಡಿಯನ್ ಎಜುಕೇಶನಲ್ ಸರ್ವಿಸಿಗೆ. ಇಲ್ಲಿ ಆಯ್ಕೆಯಾದವರು ಕೆಳದರ್ಜೆಯ ಪ್ರಾಂತೀಯ ಸೇವೆಗೆ. ಜನಾಂಗದ ಹೆಸರೆತ್ತದೆಯೇ, ಆಯ್ಕೆಯ ಸ್ಥಳದ ನೆವದಿಂದ, ಹಿರಿಯ ಹುದ್ದೆಗಳು ಬಹುಮಟ್ಟಿಗೆ ಯೂರೋಪಿಯನ್ನರ ಪಾಲಿಗೆ ಮೀಸಲಾದವು.

ಇದಕ್ಕೆ ಉತ್ತರವು ಸರಕಾರದ ಹೊರಗಿನಿಂದ ಬಂದಿತು. 1912ರಲ್ಲಿ ತಾರಕನಾಥ ಪಾಲಿತರು ಕಲಕತ್ತಾ ವಿಶ್ವವಿದ್ಯಾನಿಲಯಕ್ಕೆ ದತ್ತಿಯನ್ನು ಕೊಡುವಾಗ, ಅದರ ಪೀಠಗಳಿಗೆ ಭಾರತೀಯರನ್ನೇ ನೇಮಿಸಬೇಕೆಂಬ ಷರತ್ತನ್ನು ಹಾಕಿದರು. 1916ರಲ್ಲಿ ರಾಯರು ರಸಾಯನಶಾಸ್ತ್ರದ ಪೀಠಕ್ಕೆ ಬಂದರು. 1917ರಲ್ಲಿ ಸರಕಾರದ ಹಣಕಾಸು ಖಾತೆಯ ಕೆಲಸವನ್ನು ಬಿಟ್ಟು ಭೌತಶಾಸ್ತ್ರದ ಪೀಠವನ್ನೇರಿದ ಸಿ. ವಿ. ರಾಮನ್ನರು ವಿದೇಶದಲ್ಲಿ ಓದಿದವರೇ ಅಲ್ಲ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಸಂಸ್ಥೆಯು ಸ್ಥಾಪನೆಯಾಗಿ ಆಗಲೇ 24 ವರ್ಷಗಳು ಸಂದಿದ್ದವು. ದೇಶದಲ್ಲಿ ಅರ್ಹರಿಗೆ ಕೊರತೆಯಿರಲಿಲ್ಲ, ದೋಷವಿದ್ದುದು ಅಳತೆಗೋಲಿನಲ್ಲಿ.