ನೀರು ಹುಟ್ಟಿದಾಗ ನೋಡುತ್ತ ನಿಂತವರು

ಬಹಳ ವರ್ಷಗಳ ಹಿಂದೆ, ಬಿ.ಎಸ್‌ಸಿ. ಮೊದಲ ವರ್ಷದ ಪ್ರಯೋಗಶಾಲೆಯಲ್ಲಿ, ನಾನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡದ ದ್ರಾವಣ ಸುರಿದು, ಹೊಮ್ಮುವ ಶಾಖವನ್ನು ಅಳೆಯುತ್ತಿದ್ದೆ. ಪಕ್ಕದ ಮೇಜಿನ ಗೆಳೆಯನದು ನೈಟ್ರಿಕ್ ಆಮ್ಲ, ಕಾಸ್ಟಿಕ್ ಪೊಟಾಷ್. ಇಬ್ಬರ ಉತ್ತರವೂ ಹೆಚ್ಚುಕಡಮೆ ಒಂದೇ ಬಂದಿತು. ಅಂದು ಉಸ್ತುವಾರಿಗೆ ಬಂದಿದ್ದವರು (ರಸಾಯನಶಾಸ್ತ್ರದವರಲ್ಲವೆಂದು ತೋರುತ್ತದೆ) ನನ್ನದು ನಕಲೆಂದು ತೀರ್ಮಾನಿಸಿ ಪುಟದ ಮೇಲೆ ಗೆರೆ ಎಳೆದುಬಿಟ್ಟರು. ಬೇರೆ ಬೇರೆ ವಸ್ತುಗಳಿಂದ ಒಂದೇ ಉತ್ತರ ಬರುವುದು ಹೇಗೆ ಎಂಬುದು ಅವರ ವಾದ.

ವಾದವೇನೋ ಸಹಜವಾದುದೇ. ಹತ್ತೊಂಬತ್ತನೆಯ ಶತಮಾನದ ಪಂಡಿತರನ್ನೂ ಅದೇ ಪ್ರಶ್ನೆ ಕಾಡಿತ್ತು. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಹೆಸ್ 1842ರಲ್ಲಿ ಒಂದು ವಿಚಿತ್ರವನ್ನು ಹೇಳಿದನು: ಎರಡು ತಟಸ್ಥ ಲವಣಗಳ ದ್ರಾವಣಗಳನ್ನು ಬೆರೆಸಿದಾಗ, ಗಸಿ ಇಳಿಯದಿದ್ದರೆ, ಶಾಖ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಮೇಲೆ ಕೋಪನ್‌ಹೇಗನ್ನಿನ ಥಾಮ್ಸೆನ್ ವರ್ಷಗಟ್ಟಲೆ ಕುಳಿತು ಅಳೆದನು. ಹೈಡ್ರೋಕ್ಲೋರಿಕ್ ಆಗಲಿ ನೈಟ್ರಿಕ್ ಆಗಲಿ, ಸೋಡ ಬೆರೆಸಲಿ ಪೊಟಾಷ್ ಬೆರೆಸಲಿ, 18 ಗ್ರಾಂ ನೀರು ಹುಟ್ಟುವ ಹೊತ್ತಿಗೆ ಹೊಮ್ಮುವ ಶಾಖ ಸುಮಾರು 13,700 ಕ್ಯಾಲೊರಿ.

ಒಗಟನ್ನು ಒಡೆದವನು ಸ್ವೀಡನ್ನಿನ ಅರೇನಿಯಸ್. 1884ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ದ್ರಾವಣಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಕುರಿತು ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಒಪ್ಪಿಸಿದನು. ಅಲ್ಲಿನವರು ಕೆಳದರ್ಜೆ ಕೊಟ್ಟು ಕೈತೊಳೆದುಕೊಂಡರು. ಅದೇ ವರ್ಷ ರೀಗದಿಂದ ಆಸ್ಟ್‌ವಾಲ್ಡ್ ಅವನನ್ನು ಹುಡುಕಿಕೊಂಡು ಬಾರದಿದ್ದರೆ ಅವನ ಪಾಡೇನಾಗುತ್ತಿತ್ತೋ! 1903ರಲ್ಲಿ ನೊಬೆಲ್ ಬಹುಮಾನ ಬಂದದ್ದು ಇದೇ ಕೆಲಸಕ್ಕೆ. 1887ರಲ್ಲಿ ಪೂರ್ಣರೂಪ ಪಡೆದ ಅವನ ಸಿದ್ಧಾಂತ ಹೇಳುವುದಿಷ್ಟು: ಉಪ್ಪು ನೀರಿನಲ್ಲಿ ಕರಗಿದೊಡನೆಯೇ ಸೋಡಿಯಂ ಅಯಾನು, ಕ್ಲೋರೈಡ್ ಅಯಾನು ಎಂದು ಬೇರೆಯಾಗುತ್ತದೆ. ಪ್ರಬಲವಾದ ಆಮ್ಲವೂ ಕ್ಷಾರವೂ ಹಾಗೆಯೇ.

ಹಾಗಾದರೆ ನನ್ನ ಗಾಜಿನ ಪಾತ್ರೆಯಲ್ಲಿ ನಡೆದದ್ದೇನು? ಹೈಡ್ರೋಜನ್ ಅಯಾನೂ ಹೈಡ್ರಾಕ್ಸೈಡ್ ಅಯಾನೂ ಕೂಡಿ ನೀರಾದವು. ಅಷ್ಟೆ. ಸೋಡಿಯಂ, ಕ್ಲೋರೈಡ್‌ಗಳು ಮೊದಲು ಹೇಗಿದ್ದವೋ ಕೊನೆಗೂ ಹಾಗೆಯೇ. ಮದುವೆ ನೋಡಿ ಹೋಗಲು ಬಂದವರಂತೆ. ಇವಕ್ಕೆ ಪ್ರೇಕ್ಷಕ ಅಯಾನುಗಳೆಂದು ಹೆಸರು. ಗುರುತಿಸುವುದು ಸುಲಭ: ಎಲ್ಲವನ್ನೂ ಅಯಾನುಗಳಾಗಿ ಬಿಡಿಸಿ ಬರೆದು, ಸಮೀಕರಣದ ಎರಡು ಕಡೆಯೂ ಬದಲಾಗದೆ ನಿಂತವನ್ನು ಹೊಡೆದುಹಾಕಿದರಾಯಿತು. ಗೆಳೆಯನ ಪಾತ್ರೆಯಲ್ಲಿ ಪ್ರೇಕ್ಷಕರು ಬೇರೆ, ಪೊಟ್ಯಾಸಿಯಂ ಮತ್ತು ನೈಟ್ರೇಟ್, ಮದುವೆ ಒಂದೇ. ಹೆಸ್‌ನ ಲವಣಗಳಲ್ಲಂತೂ ಎಲ್ಲರೂ ಪ್ರೇಕ್ಷಕರೇ. ಶಾಖ ಎಲ್ಲಿಂದ ಬರಬೇಕು?

ಆದರೆ ಅವಸರ ಸಲ್ಲದು. ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲ ನೀರಿನಲ್ಲಿ ಬಹುಮಟ್ಟಿಗೆ ಒಡೆಯದೆಯೇ ಇರುತ್ತದೆ. ಕ್ಷಾರ ಬಂದ ಮೇಲೆಯೇ ಅಸಿಟೇಟ್ ಬಿಡುಗಡೆಯಾಗುವುದು. ಅಲ್ಲಿ ಸೋಡಿಯಂ ಮಾತ್ರ ಪ್ರೇಕ್ಷಕ. ಇನ್ನು ಬೇರಿಯಂ ಹೈಡ್ರಾಕ್ಸೈಡಿಗೆ ಸಲ್ಫ್ಯೂರಿಕ್ ಆಮ್ಲ ಸುರಿಯಿರಿ. ಒಂದು ಕಡೆ ನೀರು ಹುಟ್ಟುತ್ತದೆ, ಇನ್ನೊಂದು ಕಡೆ ಬೇರಿಯಂ ಸಲ್ಫೇಟಿನ ಬಿಳಿಯ ಗಸಿ ತಳಕ್ಕಿಳಿಯುತ್ತದೆ. ನೋಡುತ್ತ ನಿಂತವರು ಒಬ್ಬರೂ ಇಲ್ಲ.